ಹೆಚ್ಚು ಓಟು ಬಂದವರು ಸೋತಿದ್ದು ಹೇಗೆ, ಟೀಚರ್?

ಪ್ರಶ್ನೆ
ಸಮಾಜ ವಿಜ್ಞಾನ ಟೀಚರ್, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ.

ನಾನು ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಎಂಟು, ಒಂಬತ್ತು, ಹತ್ತು ಮೂರೂ ಕ್ಲಾಸ್ ಸೇರಿ ನಮ್ಮಲ್ಲಿ 77 ಮಕ್ಕಳು. ಹೋದ ವಾರ ಶಾಲಾ ಸಂಸತ್ತಿನ ಚುನಾವಣೆ ಮಾಡಿದೆವು. ಮೊಬೈಲಿಗೆ ಮತಯಂತ್ರದ ಆ್ಯಪ್ ಹಾಕಿಕೊಂಡು, ಬೆರಳಿಗೆ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಿ, ಸಾಲು ನಿಲ್ಲಿಸಿ ಓಟು ಹಾಕಿಸಿದೆವು. ಹೊರಗೆ ಜಡಿಮಳೆ. ಹೆಂಚಿನ ಮೇಲಿನ ಸದ್ದಿಗೆ ಫಲಿತಾಂಶವನ್ನು ಕೂಗಿಯೇ ಹೇಳಬೇಕಾಯಿತು.

ನಾಲ್ಕು ಓಟಿನಲ್ಲಿ ಸೋತ ಒಂಬತ್ತನೇ ಕ್ಲಾಸಿನ ಹುಡುಗ ಮೂಲೆಯಲ್ಲಿ ಕೂತು ಅಳುತ್ತಿದ್ದ. "ಜಾಸ್ತಿ ಓಟು ಯಾರಿಗೆ ಬರುತ್ತೋ ಅವರು ಗೆಲ್ಲುತ್ತಾರೆ ಕಣೋ, ಎಲ್ಲಾ ಕಡೆ ಅದೇ ನಿಯಮ" ಅಂತ ಸಮಾಧಾನ ಮಾಡಿದೆ. ಆಗ ಎಂಟನೇ ಕ್ಲಾಸಿನ ಒಬ್ಬಳು ಎದ್ದು ನಿಂತಳು. ಕ್ವಿಜ್ ಪುಸ್ತಕ ಬಿಡದೆ ಓದುವ ಹುಡುಗಿ. "ಎಲ್ಲಾ ಕಡೆ ಇಲ್ಲ ಟೀಚರ್. ಅಮೆರಿಕದಲ್ಲಿ 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಜಾಸ್ತಿ ಓಟು ಬಂದಿತ್ತಂತೆ. ಆದ್ರೂ ಟ್ರಂಪ್ ಗೆದ್ರಂತೆ. ಹೆಂಗೆ?"

ಅಲ್ಲಿ ಎಲೆಕ್ಟೋರಲ್ ಕಾಲೇಜ್ ಅಂತ ಇದೆ, ಅದರ ಓಟು ಲೆಕ್ಕಕ್ಕೆ ಬರುತ್ತೆ ಅಂದೆ. "ಆ ಕಾಲೇಜ್ ಯಾವ ಊರಲ್ಲಿದೆ ಟೀಚರ್?" ಅಂತ ಕೇಳಿದಳು. ಯಾರೂ ನಗಲಿಲ್ಲ. ನಮ್ಮ ಮಕ್ಕಳಿಗೆ ಕಾಲೇಜ್ ಅಂದರೆ ಅಕ್ಕ, ಅಣ್ಣಂದಿರು ಬಸ್ಸು ಹಿಡಿದು ಹೋಗುವ ಜಾಗ. ಅದು ಕಟ್ಟಡ ಅಲ್ಲ ಅಂತ ಹೇಳಿದೆ. ಹಾಗಾದರೆ ಏನು ಅಂತ ಅವಳ ಮುಖ ಕೇಳುತ್ತಲೇ ಇತ್ತು. ಅಷ್ಟರಲ್ಲಿ ಹತ್ತನೇ ಕ್ಲಾಸಿನ ಹುಡುಗನೊಬ್ಬ ಇನ್ನೊಂದು ಕೇಳಿದ. "ಅಲ್ಲಿ ಸರ್ಕಾರ ಬೀಳಲ್ವಾ ಟೀಚರ್? ಶಾಸಕರನ್ನ ರೆಸಾರ್ಟಿಗೆ ಕರ್ಕೊಂಡು ಹೋಗಲ್ವಾ?" ಬೆಲ್ ಹೊಡೆಯಿತು.

ಮಳೆಗೆ ಎರಡು ದಿನ ರಜೆ ಕೊಟ್ಟಿದ್ದಾರೆ. ಸೋಮವಾರ ಉತ್ತರ ಹೇಳುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. 538, 270 ಅನ್ನುವ ಅಂಕಿಗಳು ನನಗೂ ಗೊತ್ತು. ಅದನ್ನೇ ಬೋರ್ಡಿನ ಮೇಲೆ ಬರೆದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ ಅಷ್ಟೆ. 13 ವರ್ಷದ ಮಗುವಿಗೆ ಅರ್ಥವಾಗುವ ಹಾಗೆ ಹೇಗೆ ಹೇಳಲಿ? ಮತ್ತೆ ಅಲ್ಲಿ ನಿಜವಾಗಿ ಯಾರು ದೊಡ್ಡವರು? ಅಧ್ಯಕ್ಷರಾ, ಸಂಸತ್ತಾ, ಕೋರ್ಟಾ? ತಿಳಿದವರು ದಯವಿಟ್ಟು ಬಿಡಿಸಿ ಬರೆಯಿರಿ.


ಉತ್ತರ 1
ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕ, ಸಾಗರ

ಮೇಡಂ, ನಿಮ್ಮ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲ ಔಷಧಿ ಹೊಡೆಸಬೇಕಿತ್ತು. ಮಳೆ ಹೊಳವು ಕೊಡುತ್ತಿಲ್ಲ, ಕೊನೆಗಾರರು ಮರ ಹತ್ತುವ ಹಾಗಿಲ್ಲ. ಹಾಗಾಗಿ ಕೂತು ಉದ್ದಕ್ಕೇ ಬರೆಯುತ್ತೇನೆ.

"ಯಾವ ಊರಲ್ಲಿದೆ" ಅಂತ ಅವಳು ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. ಇಲ್ಲಿ ಕಾಲೇಜ್ ಅಂದರೆ ಕೂಟ, ಆರಿಸಿ ಕಳಿಸಿದವರ ಗುಂಪು. ಒಟ್ಟು 538 ಜನ. ಆದರೆ ಈ 538 ಜನ ಯಾವತ್ತೂ ಒಂದೇ ಊರಲ್ಲಿ ಸೇರುವುದಿಲ್ಲ. ಡಿಸೆಂಬರಿನ ಒಂದು ದಿನ ಅವರವರ ರಾಜ್ಯದಲ್ಲೇ ಸೇರುತ್ತಾರೆ. ಓಟು ಹಾಕಿ, ಸಹಿ ಮಾಡಿ, ವಾಷಿಂಗ್ಟನ್‌ಗೆ ಕಳಿಸುತ್ತಾರೆ. 50 ರಾಜ್ಯ, ಜೊತೆಗೆ ರಾಜಧಾನಿ. ಅಂದರೆ ಆ ಕಾಲೇಜು 51 ಕಡೆ ಇದೆ ಅಂತ ಹೇಳಿ, ಸುಳ್ಳಾಗುವುದಿಲ್ಲ. ಜನವರಿ 6ಕ್ಕೆ ಅಲ್ಲಿನ ಸಂಸತ್ತಿನ ಎರಡೂ ಮನೆ ಒಟ್ಟಿಗೆ ಕೂತು ಎಣಿಸುತ್ತವೆ. ಜನವರಿ 20ಕ್ಕೆ ಪ್ರಮಾಣವಚನ. ನವೆಂಬರಿನಲ್ಲಿ ಜನ ಗುರುತು ಹಾಕುವುದು ಟ್ರಂಪ್, ಹಿಲರಿ ಅನ್ನುವ ಹೆಸರಿಗೇ. ಕಾನೂನಿನ ಲೆಕ್ಕದಲ್ಲಿ ಮಾತ್ರ ಅವರು ಆರಿಸುವುದು ಈ ಕೂಟದವರನ್ನು.

ಮಕ್ಕಳಿಗೆ ವಿಚಿತ್ರ ಅನಿಸಿದರೆ ನಮ್ಮ ರಾಷ್ಟ್ರಪತಿಯಿಂದಲೇ ಶುರು ಮಾಡಿ. ನಾವು ನೀವು ರಾಷ್ಟ್ರಪತಿಗೆ ಓಟು ಹಾಕಿದ್ದೇವಾ? ಇಲ್ಲ. ಸಂಸದರು, ಶಾಸಕರು ಹಾಕುತ್ತಾರೆ. ಅಲ್ಲೂ ಎಲ್ಲಾ ಶಾಸಕರ ಓಟು ಒಂದೇ ತೂಕದ್ದಲ್ಲ. 1971ರ ಜನಸಂಖ್ಯೆ ಹಿಡಿದು ತೂಕ ಕಟ್ಟಿದ್ದಾರೆ. ಕರ್ನಾಟಕದ ಒಬ್ಬ ಶಾಸಕರ ಓಟಿಗೆ 131, ಉತ್ತರ ಪ್ರದೇಶದವರಿಗೆ 208, ಸಿಕ್ಕಿಂನವರಿಗೆ 7. ನಿಮ್ಮ ಕ್ಷೇತ್ರದ ಶಾಸಕರು ಹಾಕುವ ಒಂದು ಚೀಟಿ 131 ಓಟು ಅಂತ ಹೇಳಿ ನೋಡಿ. ಮಕ್ಕಳ ಕಣ್ಣು ಅರಳುತ್ತದೆ. ನಾನು 30 ವರ್ಷ ನೋಡಿದ್ದೇನೆ.

ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಅಂತ ಹೆಸರು. ಅದರಲ್ಲಿ ಎರಡು ಮನೆ. ಕೆಳಮನೆಯಲ್ಲಿ 435 ಜನ, ಜನಸಂಖ್ಯೆಗೆ ತಕ್ಕ ಹಾಗೆ. ಮೇಲ್ಮನೆ ಸೆನೆಟ್. ಅಲ್ಲಿ ರಾಜ್ಯ ಚಿಕ್ಕದಿರಲಿ, ದೊಡ್ಡದಿರಲಿ, ಇಬ್ಬಿಬ್ಬರು. ಒಂದು ರಾಜ್ಯಕ್ಕೆ ಎರಡೂ ಮನೆ ಸೇರಿ ಎಷ್ಟು ಸದಸ್ಯರೋ ಅಷ್ಟೇ ಮಂದಿ ಕೂಟಕ್ಕೆ. ವಾಷಿಂಗ್ಟನ್‌ಗೆ ಮೂರು. ಒಟ್ಟು 538, ಗೆಲ್ಲಲು 270.

ಆ ಇಬ್ಬರು ಸೆನೆಟರ್‌ಗಳ ಲೆಕ್ಕದಲ್ಲೇ ತೂಕ ಏರುಪೇರಾಗುವುದು. ವಯೋಮಿಂಗ್ ಅಂತ ಒಂದು ರಾಜ್ಯ. ಇಡೀ ರಾಜ್ಯದ ಜನಸಂಖ್ಯೆ ಆರು ಲಕ್ಷಕ್ಕಿಂತ ಕಡಿಮೆ. ನಮ್ಮ ಶಿವಮೊಗ್ಗ ಜಿಲ್ಲೆಯ ಮೂರನೇ ಒಂದು ಪಾಲು. ಆದರೂ ಮೂರು ಓಟು. ಸುಮಾರು ನಾಲ್ಕು ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೆ 54. ಭಾಗಿಸಿ ನೋಡಿ. ವಯೋಮಿಂಗ್‌ನಲ್ಲಿ ಎರಡು ಲಕ್ಷ ಜನರಿಗೊಂದು, ಕ್ಯಾಲಿಫೋರ್ನಿಯಾದಲ್ಲಿ ಏಳು ಲಕ್ಷ ಚಿಲ್ಲರೆ ಜನರಿಗೊಂದು.

ಆದರೆ ಹಿಲರಿ ಸೋತಿದ್ದಕ್ಕೆ ದೊಡ್ಡ ಕಾರಣ ಇದಲ್ಲ. 48 ರಾಜ್ಯಗಳಲ್ಲಿ ಒಂದೇ ಒಂದು ಓಟು ಮುಂದಿದ್ದರೂ ಸಾಕು, ಆ ರಾಜ್ಯದ ಅಷ್ಟೂ ಕೂಟದ ಓಟು ಗೆದ್ದವರಿಗೆ. ಸೋತವರಿಗೆ ಸೊನ್ನೆ. ಮೇನ್, ನೆಬ್ರಾಸ್ಕ ಎರಡು ಮಾತ್ರ ಬೇರೆ ರೀತಿ ಹಂಚುತ್ತವೆ. ಹಿಲರಿಗೆ ದೇಶದಲ್ಲಿ ಸುಮಾರು 28 ಲಕ್ಷ ಓಟು ಜಾಸ್ತಿ ಬಂತು. ಕ್ಯಾಲಿಫೋರ್ನಿಯಾ ಒಂದರಲ್ಲೇ ಅವರು 42 ಲಕ್ಷ ಮುಂದಿದ್ದರು. ಅಲ್ಲಿ ಒಂದು ಓಟಿನಲ್ಲಿ ಗೆದ್ದಿದ್ದರೂ ಸಿಗುತ್ತಿದ್ದದ್ದು ಅಷ್ಟೇ. ಅತ್ತ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ರಾಜ್ಯಗಳನ್ನು ಟ್ರಂಪ್ ಒಟ್ಟು 78 ಸಾವಿರದಷ್ಟು ಓಟಿನ ಅಂತರದಲ್ಲಿ ಗೆದ್ದರು. ಅಲ್ಲೇ ಮುಗಿಯಿತು.

ನನ್ನ ಮನಸ್ಸಲ್ಲಿ ಅಚ್ಚೊತ್ತಿರುವುದು 2000ನೇ ಇಸವಿ. ಆಗ ಎರಡನೇ ವರ್ಷದ ಡಿಗ್ರಿ ಮಕ್ಕಳಿಗೆ ಅಮೆರಿಕದ ಸಂವಿಧಾನ ಪಾಠ ಮಾಡುತ್ತಿದ್ದೆ. ನವೆಂಬರ್ 7ಕ್ಕೆ ಓಟು ಹಾಕಿ ಆಯಿತು, ಅಧ್ಯಕ್ಷ ಯಾರು ಅಂತ ಗೊತ್ತಾಗಲೇ ಇಲ್ಲ. ಎಲ್ಲವೂ ಫ್ಲೋರಿಡಾ ಒಂದರ ಮೇಲೆ ನಿಂತುಹೋಯಿತು. ದಿನಾ ಬೆಳಿಗ್ಗೆ ಪೇಪರ್ ನೋಡಿ, ಬೋರ್ಡಿನ ಮೂಲೆಯಲ್ಲಿ ಅಂತರ ಎಷ್ಟು ಅಂತ ಬರೆಯುತ್ತಿದ್ದೆ. ಅಡಿಕೆ ಕೊಯ್ಲಿನ ಕಾಲ. ಮನೆಯಲ್ಲಿ ಸುಲಿಯುವ ಕೆಲಸವಿದ್ದ ಹುಡುಗರೂ ಆ ಒಂದು ಪೀರಿಯಡ್ಡಿಗೆ ಬಂದು ಕೂರುತ್ತಿದ್ದರು. ಕೊನೆಗೆ ಅಂತರ 537. ಲಕ್ಷ ಅಲ್ಲ, ಸಾವಿರ ಅಲ್ಲ, 537 ಓಟು. ಮರು ಎಣಿಕೆಯನ್ನು ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ 5-4ರಲ್ಲಿ ನಿಲ್ಲಿಸಿತು. ಫ್ಲೋರಿಡಾದ 25 ಓಟು ಅಭ್ಯರ್ಥಿ ಜಾರ್ಜ್ ಬುಷ್‌ಗೆ ಹೋಗಿ ಅವರು 271 ಆದರು. ದೇಶದಲ್ಲಿ ಬುಷ್‌ಗಿಂತ ಐದು ಲಕ್ಷಕ್ಕೂ ಹೆಚ್ಚು ಓಟು ಪಡೆದಿದ್ದ ಎದುರಾಳಿ ಆಲ್ ಗೋರ್ ಮರುದಿನ ಟೀವಿಯಲ್ಲಿ ಸೋಲು ಒಪ್ಪಿಕೊಂಡರು. ಕೋರ್ಟಿನ ತೀರ್ಪು ನನಗೆ ಒಪ್ಪಿಗೆ ಇಲ್ಲ ಅಂದರು, ಆದರೆ ತಲೆಬಾಗುತ್ತೇನೆ ಅಂದರು. ಆ ದಿನ ನಾನು ಪುಸ್ತಕ ತೆಗೆಯಲಿಲ್ಲ. ಆ ಮಾತೇ ಪಾಠವಾಯಿತು.

ಇಂಥ ನಿಯಮ ಯಾಕೆ ಮಾಡಿಕೊಂಡರು ಅಂತ ನಿಮ್ಮ ಹುಡುಗಿ ಖಂಡಿತ ಕೇಳುತ್ತಾಳೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯಲು ಕೂತವರಲ್ಲಿ ಕೆಲವರು ಸಂಸತ್ತೇ ಅಧ್ಯಕ್ಷರನ್ನು ಆರಿಸಲಿ ಅಂದರು. ಕೆಲವರು ನೇರ ಜನರೇ ಆರಿಸಲಿ ಅಂದರು. ರೈಲಿಲ್ಲ, ತಂತಿ ಇಲ್ಲ. ದೂರದ ರಾಜ್ಯದ ಅಭ್ಯರ್ಥಿ ಯಾರಂತ ಜನರಿಗೆ ಗೊತ್ತಾಗುವುದು ಹೇಗೆ ಅನ್ನುವ ಚಿಂತೆ ಇತ್ತು. ಚಿಕ್ಕ ರಾಜ್ಯಗಳಿಗೆ ದೊಡ್ಡವರ ಭಯ. ಇದೆಲ್ಲ ಪುಸ್ತಕದಲ್ಲಿ ಇರುತ್ತದೆ. ಇನ್ನೊಂದನ್ನು ದಯವಿಟ್ಟು ಮಕ್ಕಳಿಂದ ಮುಚ್ಚಿಡಬೇಡಿ. ದಕ್ಷಿಣದ ರಾಜ್ಯಗಳಲ್ಲಿ ಲಕ್ಷಗಟ್ಟಲೆ ಗುಲಾಮರಿದ್ದರು. ಅವರಿಗೆ ಓಟಿಲ್ಲ. ಆದರೆ ಸೀಟು ಲೆಕ್ಕ ಹಾಕುವಾಗ ಐದು ಗುಲಾಮರನ್ನು ಮೂರು ಜನ ಅಂತ ಎಣಿಸಿದರು. ನೇರ ಚುನಾವಣೆ ಆಗಿದ್ದರೆ ದಕ್ಷಿಣದವರಿಗೆ ಆ ಲಾಭ ಸಿಗುತ್ತಿರಲಿಲ್ಲ. ಕೂಟದ ಲೆಕ್ಕದಲ್ಲಿ ಸಿಕ್ಕಿತು. ಮೊದಲ 36 ವರ್ಷಗಳಲ್ಲಿ 32 ವರ್ಷ ವರ್ಜೀನಿಯಾದವರೇ ಅಧ್ಯಕ್ಷರಾಗಿದ್ದರು. ಬಾಯಿ ಕಟ್ಟಿದ ಜನರನ್ನು ಎಣಿಸಿ, ಕಟ್ಟಿಹಾಕಿದವರ ಕೈಗೆ ಓಟು ಕೊಟ್ಟ ಲೆಕ್ಕ ಅದು. ನನಗೆ ಈಗಲೂ ಅದನ್ನು ಹೇಳುವಾಗ ಸಂಕಟವಾಗುತ್ತದೆ.

ತರಗತಿಯಲ್ಲಿ ಹೀಗೆ ಮಾಡಿ. ಮೂರು ಕ್ಲಾಸನ್ನು ಮೂರು ರಾಜ್ಯ ಮಾಡಿ. ಹತ್ತು ಮಕ್ಕಳಿಗೊಂದು ಓಟು, ಜೊತೆಗೆ ಪ್ರತಿ ಕ್ಲಾಸಿಗೆ ಎರಡು ಓಟು ಹೆಚ್ಚಿಗೆ. ಯಾವುದಾದರೂ ಎರಡು ಜಾಗದ ಹೆಸರು ಕೊಟ್ಟು ಪ್ರವಾಸ ಎಲ್ಲಿಗೆ ಅಂತ ಕೇಳಿ. ಏನಾಯಿತು ಅಂತ ಬರೆಯಿರಿ.


ಉತ್ತರ 2
ಕೊಪ್ಪದವನು, ಈಗ ಪೆನ್ಸಿಲ್ವೇನಿಯಾದಲ್ಲಿ

ಅಕ್ಕಾ, ಮೇಷ್ಟ್ರು ಬರೆದದ್ದನ್ನು ನಾನು ಎರಡೂ ಕಡೆಯಿಂದ ನೋಡಿದ್ದೇನೆ. 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದೆ. ನಾನು ಇಲ್ಲಿನ ಪೌರನಲ್ಲ, ಓಟಿಲ್ಲ. ಆದರೂ ಚುನಾವಣೆ ಅಂದರೆ ಊರೆಲ್ಲ ಗಲಾಟೆ ಇರುತ್ತೆ ಅಂದುಕೊಂಡಿದ್ದೆ. ಏನೂ ಇಲ್ಲ. ಅಧ್ಯಕ್ಷ ಅಭ್ಯರ್ಥಿಗಳು ಅಲ್ಲಿಗೆ ಬಂದರೆ ಶ್ರೀಮಂತರ ಹತ್ತಿರ ದುಡ್ಡು ಸೇರಿಸಲು ಬರುತ್ತಿದ್ದರು. ಗೆಲ್ಲುವುದು ಯಾರು ಅಂತ ಮೊದಲೇ ಗೊತ್ತಲ್ವಾ.

2024ರಲ್ಲಿ ಪಿಟ್ಸ್‌ಬರ್ಗ್ ಹತ್ತಿರ ಇದ್ದೆ. ಪೆನ್ಸಿಲ್ವೇನಿಯಾಕ್ಕೆ 19 ಓಟು. ಯಾವ ಕಡೆ ವಾಲುತ್ತದೆ ಅಂತ ಕೊನೆಯವರೆಗೂ ಗೊತ್ತಾಗದ ರಾಜ್ಯ. ಟೀವಿ ಹಾಕಿದರೆ ಅದೇ, ಫೋನ್ ತೆಗೆದರೆ ಅದೇ. ಅಂಚೆ ಪೆಟ್ಟಿಗೆಯಲ್ಲಿ ದಿನಾ ಒಂದು ಕಟ್ಟು ಪ್ರಚಾರದ ಕಾರ್ಡು. ನನ್ನ ಮಗಳು ಅವನ್ನೆಲ್ಲ ಶೂ ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಎರಡು ವಾರಕ್ಕೆ ಡಬ್ಬಿ ಸಾಲಲಿಲ್ಲ. ಅದೇ ದೇಶ, ಅದೇ ಚುನಾವಣೆ. ಒಂದು ಕಡೆ ಬಾಗಿಲು ಬಡಿಯುವವರಿಲ್ಲ, ಇನ್ನೊಂದು ಕಡೆ ಬಾಗಿಲು ಹಾಕಲು ಬಿಡುವುದಿಲ್ಲ.

ಆ ವರ್ಷ ಅಂಥ ರಾಜ್ಯಗಳು ಏಳು. ಏಳನ್ನೂ ಟ್ರಂಪ್ ಗೆದ್ದರು. 312ಕ್ಕೆ 226. ಆ ಸಲ ದೇಶದ ಒಟ್ಟು ಓಟಿನಲ್ಲೂ ಅವರೇ ಮುಂದೆ. ಇದನ್ನೂ ಮಕ್ಕಳಿಗೆ ಹೇಳಿ ಅಕ್ಕಾ. ಪ್ರತಿ ಸಲ ಲೆಕ್ಕ ತಿರುಗುಮುರುಗಾಗುತ್ತದೆ ಅಂತ ಅಂದುಕೊಳ್ಳಬಾರದು. ಹಾಗೆ ಆಗಿದ್ದು ಐದೇ ಸಲ. 1824, 1876, 1888, 2000, 2016.

ನಮ್ಮ ಮಕ್ಕಳಿಗೆ ಆಶ್ಚರ್ಯವಾಗುವ ಇನ್ನೊಂದು ವಿಷಯ ಇದೆ. ಇಲ್ಲಿ ಚುನಾವಣೆ ನಡೆಸಲು ನಮ್ಮ ಹಾಗೆ ಇಡೀ ದೇಶಕ್ಕೆ ಒಂದು ಆಯೋಗ ಇಲ್ಲ. ರಾಜ್ಯಗಳು ನಿಯಮ ಮಾಡುತ್ತವೆ, ಕೌಂಟಿಗಳು ನಡೆಸುತ್ತವೆ. ಕೌಂಟಿ ಅಂದರೆ ನಮ್ಮ ತಾಲ್ಲೂಕು, ಜಿಲ್ಲೆ ಇದ್ದ ಹಾಗೆ. ಈ ಒಂದು ರಾಜ್ಯದಲ್ಲೇ 67 ಕೌಂಟಿ. ಪಕ್ಕದ ಮನೆಯ ಅಜ್ಜಿ ಮತಗಟ್ಟೆಯಲ್ಲಿ ಕೆಲಸ ಮಾಡುತ್ತಾರೆ. ಅವರು ಮಾದರಿ ಮತಪತ್ರ ತೋರಿಸಿದರು. ಅಧ್ಯಕ್ಷರು, ಸೆನೆಟರ್, ಕೆಳಮನೆ ಸದಸ್ಯರು, ರಾಜ್ಯದ ಅಟಾರ್ನಿ ಜನರಲ್, ಖಜಾಂಚಿ, ಲೆಕ್ಕ ತಪಾಸಣೆ ಮಾಡುವವರು ಎಲ್ಲರಿಗೂ ಒಂದೇ ಹಾಳೆಯಲ್ಲಿ ಓಟು. ಓಟಿನ ದಿನ ಮಂಗಳವಾರ. ದೇಶಕ್ಕೆಲ್ಲ ರಜೆ ಇಲ್ಲ. 1845ರ ಕಾನೂನು ಅದು. ಆಗ ರೈತರು ಭಾನುವಾರ ಚರ್ಚಿಗೆ ಹೋಗಿ, ಸೋಮವಾರ ಗಾಡಿ ಕಟ್ಟಿ ಹೊರಟು, ಮಂಗಳವಾರ ಓಟು ಹಾಕಲಿ ಅಂತ ಮಾಡಿದ್ದು. ಗಾಡಿ ಹೋಯಿತು, ಮಂಗಳವಾರ ಉಳಿಯಿತು.

ಒಂದು ವಿಷಯದಲ್ಲಿ ಮಾತ್ರ ಮೇಷ್ಟ್ರ ಧಾಟಿಗಿಂತ ನನ್ನ ಅನಿಸಿಕೆ ಸ್ವಲ್ಪ ಬೇರೆ. ಚಿಕ್ಕ ರಾಜ್ಯಕ್ಕೆ ಸ್ವಲ್ಪ ತೂಕ ಜಾಸ್ತಿ ಇರಲಿ ಅನಿಸುತ್ತದೆ. ನಮ್ಮಲ್ಲೇ ನೋಡಿ. ಬೆಂಗಳೂರು ನಗರಕ್ಕೆ 28 ಶಾಸಕರು. ಶಿವಮೊಗ್ಗ ಜಿಲ್ಲೆಗೆ ಏಳು, ನಮ್ಮ ಚಿಕ್ಕಮಗಳೂರಿಗೆ ಐದು. ಮಲೆನಾಡಿನ ಸೇತುವೆ, ಕಾಡಾನೆ, ಅಡಿಕೆ ಎಲೆಚುಕ್ಕಿ ರೋಗ ಅಂದರೆ ಅಲ್ಲಿ ಎಷ್ಟು ಜನ ಕಿವಿ ಕೊಡುತ್ತಾರೆ? ಕಡಿಮೆ ಜನರಿರುವ ಕಡೆಯ ಸಂಕಟ ಕಡಿಮೆ ಇರುವುದಿಲ್ಲವಲ್ಲ.


ಉತ್ತರ 3
ವಕೀಲೆ, ಶಿವಮೊಗ್ಗ

ಕೊಪ್ಪದವರ ನೋವು ನನಗೂ ಅರ್ಥವಾಗುತ್ತದೆ. ನಾನೂ ತೀರ್ಥಹಳ್ಳಿ ಕಡೆಯವಳೇ. ಆದರೆ ನೀವೇ ಬರೆದದ್ದನ್ನು ಇನ್ನೊಮ್ಮೆ ಓದಿ. ಅಭ್ಯರ್ಥಿಗಳು ಹೋಗಿದ್ದು ಪೆನ್ಸಿಲ್ವೇನಿಯಾಕ್ಕೆ. ಅದು ಚಿಕ್ಕ ರಾಜ್ಯವಲ್ಲ. ವಯೋಮಿಂಗ್ ಕಡೆ ಯಾರೂ ತಲೆ ಹಾಕುವುದಿಲ್ಲ, ಯಾಕೆಂದರೆ ಅಲ್ಲೂ ಫಲಿತಾಂಶ ಮೊದಲೇ ಗೊತ್ತು. ತೂಕ ಕೊಟ್ಟ ಮಾತ್ರಕ್ಕೆ ಕಿವಿ ಸಿಗಲಿಲ್ಲ. ಚಿಕ್ಕ ರಾಜ್ಯಕ್ಕೆ ನಿಜವಾದ ಬಲ ಇರುವುದು ಸೆನೆಟ್‌ನಲ್ಲಿ. ನೇರ ಚುನಾವಣೆ ತರುವ ತಿದ್ದುಪಡಿಗೆ 1969ರಲ್ಲಿ ಕೆಳಮನೆ ಒಪ್ಪಿತ್ತು. ಸೆನೆಟ್‌ನಲ್ಲೇ ಅದು ನಿಂತುಹೋಯಿತು.

ಮೇಡಂ, ನಿಮ್ಮ ಹುಡುಗಿಗೆ ಉತ್ತರ ಹುಡುಕಲು ಅಮೆರಿಕದವರೆಗೂ ಹೋಗಬೇಕಿಲ್ಲ. 2018ರ ಮೇ ತಿಂಗಳಲ್ಲಿ ನಮ್ಮ ವಿಧಾನಸಭೆಯ 222 ಕ್ಷೇತ್ರಗಳಿಗೆ ಚುನಾವಣೆ ಆಯಿತು. ಕಾಂಗ್ರೆಸ್ಸಿಗೆ ನೂರಕ್ಕೆ 38ರಷ್ಟು ಓಟು, ಸೀಟು 78. ಬಿಜೆಪಿಗೆ ನೂರಕ್ಕೆ 36ರಷ್ಟು ಓಟು, ಸೀಟು 104. ಅಂದರೆ ಓಟು ಜಾಸ್ತಿ ಬಂದವರಿಗೆ ಸೀಟು ಕಡಿಮೆ. ಯಾರೂ ಮೋಸ ಮಾಡಿದ್ದಲ್ಲ. ಕ್ಷೇತ್ರ ಕ್ಷೇತ್ರವಾಗಿ ಎಣಿಸಿದಾಗ ಹೀಗಾಗುತ್ತದೆ. ಅಮೆರಿಕದವರು ರಾಜ್ಯ ರಾಜ್ಯವಾಗಿ ಎಣಿಸುತ್ತಾರೆ ಅಷ್ಟೆ. ಅಳುತ್ತಿದ್ದ ಆ ಹುಡುಗನಿಗೂ ಇದನ್ನು ಹೇಳಿ.

ಇನ್ನು ಹತ್ತನೇ ಕ್ಲಾಸಿನವನ ರೆಸಾರ್ಟ್ ಪ್ರಶ್ನೆ. ಅದೇ 2018ರಲ್ಲಿ ನಮ್ಮ ಜಿಲ್ಲೆಯ ಶಿಕಾರಿಪುರದಿಂದ ಗೆದ್ದ ಯಡಿಯೂರಪ್ಪನವರು ಮೇ 17ಕ್ಕೆ ಪ್ರಮಾಣವಚನ ತೆಗೆದುಕೊಂಡು, ಬಹುಮತ ಸಾಲದೆ 19ಕ್ಕೆ ರಾಜೀನಾಮೆ ಕೊಟ್ಟರು. ಆಮೇಲೆ ಬಂದ ಕುಮಾರಸ್ವಾಮಿಯವರ ಸರ್ಕಾರ 2019ರ ಜುಲೈಯಲ್ಲಿ 99-105ರಲ್ಲಿ ಬಿತ್ತು. ನಮ್ಮಲ್ಲಿ ಮುಖ್ಯಮಂತ್ರಿ, ಪ್ರಧಾನಿ ಇಬ್ಬರೂ ಮನೆಯ, ಅಂದರೆ ಸದನದ, ಒಪ್ಪಿಗೆ ಇರುವವರೆಗೆ ಮಾತ್ರ. ಅಮೆರಿಕದ ಅಧ್ಯಕ್ಷರಿಗೆ ಆ ಭಯ ಇಲ್ಲ. ಅವರು ಮನೆಯ ಸದಸ್ಯರೇ ಅಲ್ಲ. ಎರಡೂ ಮನೆ ವಿರೋಧ ಪಕ್ಷದ ಕೈಯಲ್ಲಿದ್ದರೂ ನಾಲ್ಕು ವರ್ಷ ಕುರ್ಚಿ ಅವರದ್ದೇ. ವಿಶ್ವಾಸಮತ ಅನ್ನುವ ಪದ್ಧತಿಯೇ ಇಲ್ಲ. ಹಾಗಾಗಿ ಶಾಸಕರನ್ನು ಬಸ್ಸಿನಲ್ಲಿ ಸಾಗಿಸುವ ಅಗತ್ಯವೂ ಇಲ್ಲ.

ಮಂತ್ರಿಗಳ ವಿಷಯದಲ್ಲಂತೂ ಪೂರ್ತಿ ಉಲ್ಟಾ. ನಮ್ಮಲ್ಲಿ ಮಂತ್ರಿಯಾದವರು ಆರು ತಿಂಗಳೊಳಗೆ ಸದನದ ಸದಸ್ಯರಾಗಲೇಬೇಕು. ಅಲ್ಲಿ ಮಂತ್ರಿಯಾಗಬೇಕಾದರೆ ಸದಸ್ಯತ್ವ ಬಿಡಲೇಬೇಕು. ನಿಮ್ಮ ಹುಡುಗಿ ಹೇಳಿದ ಹಿಲರಿಯವರೇ 2009ರಲ್ಲಿ ಸೆನೆಟ್ ಸ್ಥಾನ ಬಿಟ್ಟು ವಿದೇಶಾಂಗ ಮಂತ್ರಿಯಾದರು. ಕಾನೂನು ಮಾಡುವ ಕೈ, ಅದನ್ನು ನಡೆಸುವ ಕೈ ಎರಡೂ ಒಬ್ಬರದ್ದೇ ಆಗಬಾರದು ಅನ್ನುವುದು ಅವರ ಹಟ.

ಯಾರು ದೊಡ್ಡವರು ಅಂತ ಕೇಳಿದ್ದೀರಿ. ನಾನು ಕಿರಿಯ ವಕೀಲರಿಗೆ ಹೇಳುವ ಕಥೆಯನ್ನೇ ಹೇಳುತ್ತೇನೆ. 1972ರಲ್ಲಿ ರಿಚರ್ಡ್ ನಿಕ್ಸನ್ 50 ರಾಜ್ಯಗಳಲ್ಲಿ 49 ಗೆದ್ದರು. ಅಷ್ಟು ದೊಡ್ಡ ಗೆಲುವು ಅಪರೂಪ. ಅದೇ ವರ್ಷ ಅವರ ಕಡೆಯವರು ವಾಷಿಂಗ್ಟನ್‌ನ ವಾಟರ್‌ಗೇಟ್ ಕಟ್ಟಡದಲ್ಲಿ ವಿರೋಧ ಪಕ್ಷದ ಕಚೇರಿಗೆ ನುಗ್ಗಿ ಸಿಕ್ಕಿಬಿದ್ದಿದ್ದರು. ಅದನ್ನು ಮುಚ್ಚಿಹಾಕುವ ಮಾತುಗಳು ಅಧ್ಯಕ್ಷರ ಕೋಣೆಯ ಟೇಪಿನಲ್ಲೇ ದಾಖಲಾಗಿದ್ದವು. ಟೇಪು ಕೊಡುವುದಿಲ್ಲ, ನಾನು ಅಧ್ಯಕ್ಷ ಅಂದರು. 1974ರ ಜುಲೈ 24ಕ್ಕೆ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳು ಒಂದೇ ಮಾತಿನಲ್ಲಿ ಕೊಡಲೇಬೇಕು ಅಂದರು. ಆ ಎಂಟರಲ್ಲಿ ಮೂವರನ್ನು ನೇಮಿಸಿದವರು ನಿಕ್ಸನ್ನೇ! ಟೇಪು ಹೊರಬಂತು. ಕೆಳಮನೆ ದೋಷಾರೋಪಕ್ಕೆ, ಅಂದರೆ ತಪ್ಪು ಹೊರಿಸಿ ಅಧ್ಯಕ್ಷರನ್ನು ಇಳಿಸುವ ದಾರಿಗೆ, ಸಿದ್ಧವಾಗಿತ್ತು. ಸೆನೆಟ್‌ನಲ್ಲಿ ಸ್ವಂತ ಪಕ್ಷದವರೂ ಉಳಿಸಲಾರೆವು ಅಂದರು. ಆಗಸ್ಟ್ 9ಕ್ಕೆ ನಿಕ್ಸನ್ ಕುರ್ಚಿ ಬಿಟ್ಟರು. ಕೋರ್ಟಿನ ಹತ್ತಿರ ಸೈನ್ಯ ಇರಲಿಲ್ಲ, ಖಜಾನೆ ಇರಲಿಲ್ಲ. ಒಂದು ಕಾಗದ ಇತ್ತು. ಅದನ್ನು ಓದುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಸಂಸತ್ತು ಪಾಸು ಮಾಡಿದ ಮಸೂದೆಯನ್ನು ಅಧ್ಯಕ್ಷರು ತಿರಸ್ಕರಿಸಬಹುದು. ಎರಡೂ ಮನೆಯಲ್ಲಿ ಮೂರರಲ್ಲಿ ಎರಡು ಪಾಲು ಓಟು ಬಿದ್ದರೆ ಆ ತಿರಸ್ಕಾರವೂ ಬಿದ್ದುಹೋಗುತ್ತದೆ. ನ್ಯಾಯಮೂರ್ತಿಗಳನ್ನು ಅಧ್ಯಕ್ಷರು ಹೆಸರಿಸಬೇಕು, ಸೆನೆಟ್ ಒಪ್ಪಬೇಕು. ದುಡ್ಡಿನ ಚೀಲ ಸಂಸತ್ತಿನದ್ದು. ಒಪ್ಪಂದ ಆಗದಿದ್ದರೆ ಕಚೇರಿಗಳೇ ಮುಚ್ಚುತ್ತವೆ. 2018ರ ಡಿಸೆಂಬರಿನಲ್ಲಿ ಶುರುವಾಗಿ 35 ದಿನ ಹಾಗೇ ಆಯಿತು, ಲಕ್ಷಾಂತರ ನೌಕರರಿಗೆ ಸಂಬಳ ಇಲ್ಲ. ಆಮದು ಸುಂಕ ಹಾಕುವ ಅಧಿಕಾರವೂ ಸಂವಿಧಾನದ ಪ್ರಕಾರ ಸಂಸತ್ತಿನದ್ದೇ. 1934ರಿಂದ ಈಚೆಗೆ ಅದರಲ್ಲಿ ಸ್ವಲ್ಪ ಸ್ವಲ್ಪವಾಗಿ ಕಾನೂನು ಮಾಡಿ ಅಧ್ಯಕ್ಷರ ಕೈಗೆ ಕೊಟ್ಟಿದ್ದಾರೆ. ಕೊಟ್ಟದ್ದನ್ನು ವಾಪಸ್ ಪಡೆಯುವುದು ಕಷ್ಟ. ನನಗೆ ಆತಂಕ ಆಗುವುದು ಅಲ್ಲೇ.

ಅಧ್ಯಕ್ಷರಿಗೆ ಸಾಧ್ಯವೇ ಇಲ್ಲದ ಒಂದು ಕೆಲಸ ಇದೆ. ರಾಜ್ಯ ಸರ್ಕಾರವನ್ನು ವಜಾ ಮಾಡುವುದು. ಅಲ್ಲಿ ಗವರ್ನರ್ ಅಂದರೆ ರಾಜ್ಯದ ಜನ ಆರಿಸಿದವರು, ನಮ್ಮ ಮುಖ್ಯಮಂತ್ರಿಯ ಹಾಗೆ. ನಮ್ಮಲ್ಲಿ 1989ರಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. ಸದನದಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡಲಿಲ್ಲ. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತ ತೀರ್ಮಾನವಾಗಬೇಕಾದ್ದು ಸದನದಲ್ಲೇ ಅಂದಿತು. ಇಡೀ ದೇಶಕ್ಕೆ ದಾರಿ ತೋರಿಸಿದ ಆ ಕೇಸು ನಮ್ಮ ಕರ್ನಾಟಕದ್ದು. ಮಕ್ಕಳಿಗೆ ಅದು ಗೊತ್ತಿರಲಿ.


ಪ್ರಶ್ನೆ ಕೇಳಿದವರಿಂದ
ಸಮಾಜ ವಿಜ್ಞಾನ ಟೀಚರ್, ಹೊಸನಗರ ತಾಲ್ಲೂಕು

ಎಲ್ಲರಿಗೂ ತುಂಬಾ ಧನ್ಯವಾದ. ಸೋಮವಾರ ಕರೆಂಟ್ ಇರಲಿಲ್ಲ. ಚೀಟಿಯಲ್ಲೇ ಮಾಡಿದೆವು. ಸರ್ ಹೇಳಿದ ಹಾಗೆ ಪ್ರವಾಸ ಎಲ್ಲಿಗೆ ಅಂತ ಕೇಳಿದೆ. ಜೋಗವೋ, ಸಕ್ರೆಬೈಲಿನ ಆನೆ ಬಿಡಾರವೋ.

ಎಂಟನೇ ಕ್ಲಾಸಿನಲ್ಲಿ 31 ಮಕ್ಕಳು. ಆನೆಗೆ 28, ಜೋಗಕ್ಕೆ 3. ಒಂಬತ್ತನೇ ಕ್ಲಾಸಿನ 27ರಲ್ಲಿ ಜೋಗಕ್ಕೆ 15, ಆನೆಗೆ 12. ಹತ್ತರಲ್ಲಿ 19 ಮಕ್ಕಳು. ಜೋಗಕ್ಕೆ 10, ಆನೆಗೆ 9. ಒಟ್ಟು ಕೂಡಿಸಿದರೆ ಆನೆಗೆ 49, ಜೋಗಕ್ಕೆ 28. ಎಂಟನೇ ಕ್ಲಾಸಿನವರು ಆಗಲೇ ಕೂಗಲು ಶುರು ಮಾಡಿದ್ದರು.

ಆಮೇಲೆ 31ನ್ನು 30, 27ನ್ನು 30, 19ನ್ನು 20 ಅಂತ ಹಿಡಿದು ಕೂಟದ ಲೆಕ್ಕ ಬರೆದೆ. ಎಂಟಕ್ಕೆ ಐದು ಓಟು, ಒಂಬತ್ತಕ್ಕೆ ಐದು, ಹತ್ತಕ್ಕೆ ನಾಲ್ಕು. ಜೋಗಕ್ಕೆ 9, ಆನೆಗೆ 5. ಇಡೀ ಕೋಣೆ ಗಪ್‌ಚಿಪ್. 49 ಜನ ಕೇಳಿದ್ದು ಸೋತು, 28 ಜನ ಕೇಳಿದ್ದು ಗೆದ್ದಿತ್ತು. ನಾನೇ ಎರಡು ಸಲ ಕೂಡಿಸಿ ನೋಡಿದೆ.

ಹತ್ತನೇ ಕ್ಲಾಸಿನ ಒಬ್ಬ ಹುಡುಗ ಹೇಳಿದ, ತಾನೊಬ್ಬ ಆನೆಗೆ ಹಾಕಿದ್ದರೆ ನಾಲ್ಕೂ ಓಟು ಆ ಕಡೆ ಹೋಗುತ್ತಿತ್ತಲ್ಲ ಅಂತ. ಹೌದು, ಆಗ ಒಂಬತ್ತೂ ಆನೆಗೇ. ಅವನ ಮುಖದಲ್ಲಿ ಒಂಥರಾ ಭಯ ಇತ್ತು. 537 ಓಟಿನ ಕಥೆ ಆಗ ಹೇಳಿದೆ. ಅದಕ್ಕಿಂತ ಸರಿಯಾದ ಹೊತ್ತು ಸಿಗುತ್ತಿರಲಿಲ್ಲ.

ಪ್ರಶ್ನೆ ಕೇಳಿದ್ದ ಹುಡುಗಿ ಬೋರ್ಡನ್ನೇ ನೋಡುತ್ತಿದ್ದಳು. "ಟೀಚರ್, ಮುಂದಿನ ಸಲ ಯಾರೂ ನಮ್ಮ ಕ್ಲಾಸಿಗೆ ಓಟು ಕೇಳೋಕೆ ಬರೋದೇ ಇಲ್ಲ ಅಲ್ವಾ? ಹತ್ತನೇ ಕ್ಲಾಸಿಗೇ ಹೋಗ್ತಾರೆ" ಅಂದಳು. ಪೆನ್ಸಿಲ್ವೇನಿಯಾದ ಶೂ ಡಬ್ಬಿಯ ವಿಷಯ ನಾನು ಇನ್ನೂ ಹೇಳಿಯೇ ಇರಲಿಲ್ಲ.

ಗುಲಾಮರ ಲೆಕ್ಕವನ್ನೂ ಹೇಳಿದೆ ಸರ್. ಐದು ಜನರನ್ನು ನಿಲ್ಲಿಸಿ ಮೂರು ಅಂತ ಎಣಿಸಿದೆ. ಎಣಿಕೆಯಿಂದ ಹೊರಗುಳಿದ ಇಬ್ಬರು ಮಕ್ಕಳು ಸುಮ್ಮನೆ ನಿಂತಿದ್ದರು. ಆ ಪಾಠಕ್ಕೆ ನಾನು ಬೇರೆ ಮಾತು ಸೇರಿಸಲಿಲ್ಲ.

ಈಗ ಅವಳ ಹೊಸ ಪ್ರಶ್ನೆ. 538 ಸರಿಸಂಖ್ಯೆ ಅಲ್ವಾ, 269-269 ಬಂದರೆ ಏನು ಮಾಡುತ್ತಾರೆ?


ಉತ್ತರ 4
ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕ, ಸಾಗರ

ಮೇಡಂ, ನಿಮ್ಮ 49-28 ಓದಿ ಮನೆಯವರಿಗೂ ಓದಿ ಹೇಳಿದೆ.

269-269 ಆದರೆ, ಅಥವಾ ಮೂರು ನಾಲ್ಕು ಜನ ನಿಂತು ಯಾರಿಗೂ 270 ಸಿಗದಿದ್ದರೆ, ಕೆಳಮನೆ ಅಧ್ಯಕ್ಷರನ್ನು ಆರಿಸುತ್ತದೆ. ಆದರೆ 435 ಜನ ಒಬ್ಬೊಬ್ಬರಾಗಿ ಓಟು ಹಾಕುವುದಿಲ್ಲ. ಒಂದು ರಾಜ್ಯಕ್ಕೆ ಒಂದೇ ಓಟು. ಕ್ಯಾಲಿಫೋರ್ನಿಯಾದ 52 ಸದಸ್ಯರು ಸೇರಿ ಒಂದು, ವಯೋಮಿಂಗ್‌ನ ಒಬ್ಬರದ್ದೂ ಒಂದು. 26 ರಾಜ್ಯ ಯಾರ ಕಡೆಗೋ ಅವರು ಅಧ್ಯಕ್ಷರು. ಉಪಾಧ್ಯಕ್ಷರನ್ನು ಸೆನೆಟ್ ಆರಿಸುತ್ತದೆ.

1824ರಲ್ಲಿ ಹೀಗೆ ಆಗಿದೆ. ನಾಲ್ಕು ಜನ ನಿಂತಿದ್ದರು. ಆ್ಯಂಡ್ರ್ಯೂ ಜ್ಯಾಕ್ಸನ್‌ಗೆ ಜನರ ಓಟೂ ಜಾಸ್ತಿ, ಕೂಟದ ಓಟೂ ಎಲ್ಲರಿಗಿಂತ ಜಾಸ್ತಿ. ಆದರೆ ಅರ್ಧ ದಾಟಲಿಲ್ಲ. ವಿಷಯ ಕೆಳಮನೆಗೆ ಹೋಯಿತು. ಆಗ ಇದ್ದದ್ದು 24 ರಾಜ್ಯ, 13 ಬೇಕಿತ್ತು. ಎರಡನೇ ಜಾಗದಲ್ಲಿದ್ದ ಜಾನ್ ಕ್ವಿನ್ಸಿ ಆ್ಯಡಮ್ಸ್‌ಗೆ ಸರಿಯಾಗಿ 13 ಬಂತು. ನಾಲ್ಕನೆಯವರಾಗಿ ಸೋತ ಹೆನ್ರಿ ಕ್ಲೇ ಕೆಳಮನೆಯ ಸ್ಪೀಕರ್ ಆಗಿದ್ದರು. ಅವರು ಆ್ಯಡಮ್ಸ್ ಪರ ನಿಂತರು. ಆಮೇಲೆ ಆ್ಯಡಮ್ಸ್ ಅವರನ್ನೇ ವಿದೇಶಾಂಗ ಮಂತ್ರಿ ಮಾಡಿದರು. ಜ್ಯಾಕ್ಸನ್ ಕಡೆಯವರು ಅದನ್ನು ಕೊಳಕು ವ್ಯಾಪಾರ ಅಂತ ಊರೂರಲ್ಲಿ ಹೇಳಿಕೊಂಡು ಬಂದರು. ನಾಲ್ಕು ವರ್ಷ ಬಿಡಲಿಲ್ಲ. 1828ರಲ್ಲಿ ಜ್ಯಾಕ್ಸನ್ ಮತ್ತೆ ನಿಂತು ಆ್ಯಡಮ್ಸ್ ಅವರನ್ನೇ ಸೋಲಿಸಿದರು.

ನಾಲ್ಕು ಓಟಿನಲ್ಲಿ ಸೋತ ನಿಮ್ಮ ಹುಡುಗ ಒಂಬತ್ತನೇ ಕ್ಲಾಸಿನವನು ಅಂದಿರಲ್ಲ. ಮುಂದಿನ ವರ್ಷ ಅವನಿಗೆ ನಿಲ್ಲಲು ಅವಕಾಶ ಇದೆಯಾ?